ಹೂ ಬಿಡುವ ಹೊತ್ತಿಗೆ ಥಂಡಿ ಬಂದರೆ: ದಾಳಿಂಬೆ, ದ್ರಾಕ್ಷಿ, ಮಾವು ಉಳಿಸಿಕೊಳ್ಳುವುದು ಹೇಗೆ?

ಯಳವಿ (ತಾ. ಜತ್ತ): ಗುಡ್ಡಾಪುರದ ದಾನಮ್ಮದೇವಿ ಜಾತ್ರೆ ಹೊತ್ತಿಗೆ ಶುರುವಾಗುವ ಥಂಡಿ ಶಿವರಾತ್ರಿಗೆ 'ಶಿವಶಿವಾ' ಎಂದು ಹೋಗುತ್ತದೆ ಎಂಬುದು ನಮ್ಮ ಹಿರಿಯರ ಲೆಕ್ಕ. ಈ ಲೆಕ್ಕ ಬಹುಮಟ್ಟಿಗೆ ಸರಿ. ಆದರೆ ಸಂಕ್ರಾಂತಿ ದಾಟಿದ ಮೇಲೆ ನಾಲ್ಕು ದಿನ ಬಿಸಿಲು ಏರಿತೆಂದರೆ ನಾವು ಚಳಿ ಮುಗಿಯಿತೆಂದು ತಿಳಿಯುತ್ತೇವೆ. ದಾಳಿಂಬೆಗೆ ನೀರು ಬಿಡುತ್ತೇವೆ. ಮಾವು ಹೂ ಚೆಲ್ಲಿರುತ್ತದೆ, ದ್ರಾಕ್ಷಿ ನೀರು ತುಂಬುತ್ತಿರುತ್ತದೆ. ಅಷ್ಟರಲ್ಲಿ ಉತ್ತರದಿಂದ ಗಾಳಿ ತಿರುಗಿ ಎರಡು ರಾತ್ರಿ ಥಂಡಿ ಬಿದ್ದರೆ ಸಾಕು, ಮೊಗ್ಗು ಉದುರುತ್ತದೆ, ಕಾಳು ನಿಲ್ಲುತ್ತದೆ, ಹೂ ಕಪ್ಪಾಗುತ್ತದೆ.

ಆಗ ಮೊಬೈಲಿನಲ್ಲಿ ನಾಶಿಕ ಕಡೆಯ ಚಿತ್ರಗಳು ಬರುತ್ತವೆ. ನಿಫಾಡದ ದ್ರಾಕ್ಷಿ ತೋಟಗಳಲ್ಲಿ ಸಾಲು ಸಾಲಾಗಿ ಶೇಕೋಟಿ ಹಚ್ಚಿರುತ್ತಾರೆ, ನಸುಕಿನಲ್ಲಿ ಡ್ರಿಪ್ ಬಿಟ್ಟಿರುತ್ತಾರೆ. ನಾವೂ ಹಾಗೇ ಮಾಡಬೇಕೇ? ಬೆಂಕಿ ಹಚ್ಚಿದರೆ ಉಪಯೋಗ ಉಂಟೇ? ನೀರೇ ಇಲ್ಲದ ಜತ್ತ ತಾಲೂಕಿನಲ್ಲಿ ಥಂಡಿಗೆಂದು ನೀರು ಎಲ್ಲಿಂದ ತರುವುದು? ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಪ್ರಯತ್ನ ಈ ಲೇಖನ. ಒಂದು ಮಾತು ಮೊದಲೇ ಹೇಳಿಬಿಡೋಣ. ಹಿಮ ಬೀಳುವ ದೇಶಗಳಲ್ಲಿ ಗಿಡವನ್ನು ನಿದ್ದೆಯಿಂದ ಎಬ್ಬಿಸುವುದು ವಸಂತ ಋತು. ನಮ್ಮಲ್ಲಿ ದ್ರಾಕ್ಷಿ, ದಾಳಿಂಬೆಗಳನ್ನು ಎಬ್ಬಿಸುವವರು ನಾವೇ, ನೀರಿನಿಂದ ಮತ್ತು ಕತ್ತರಿಯಿಂದ. ಆದ್ದರಿಂದ ನಮ್ಮ ದೊಡ್ಡ ರಕ್ಷಣೆ ಬೆಂಕಿಯಲ್ಲಿಲ್ಲ, ತಾರೀಖಿನಲ್ಲಿದೆ.

ಇಬ್ಬನಿ ಬೇರೆ, ಹಿಮ ಬೇರೆ, ಥಂಡಿ ಬೇರೆ

ಮಾತಿನಲ್ಲಿ ನಾವು ಇವನ್ನು ಕಲಸಿಬಿಡುತ್ತೇವೆ. ಇಬ್ಬನಿ ಎಂದರೆ (ಮರಾಠಿಯಲ್ಲಿ ದಂವ) ಗಾಳಿಯಲ್ಲಿನ ತೇವ ತಣ್ಣಗಿನ ಎಲೆಯ ಮೇಲೆ ನೀರಾಗಿ ಕೂಡುವುದು. ಎಲೆಯ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೆ ಅದೇ ತೇವ ಬಿಳಿ ಹಿಮದ ಪುಡಿಯಾಗುತ್ತದೆ. ಇದೇ ನಿಜವಾದ ಹಿಮ, ಅಂದರೆ ಫ್ರಾಸ್ಟ್. ಥಂಡಿ ಎಂದರೆ ಬರೀ ಉಷ್ಣತೆ ಇಳಿಯುವುದು. ಎಲೆ ಮೇಲೆ ಒಂದು ಹನಿ ಇಲ್ಲದೆಯೂ ಥಂಡಿ ಬೀಳಬಹುದು.

ಒಂದು ವಿಚಿತ್ರ ಗಮನಿಸಿ. ಇಬ್ಬನಿ ಚೆನ್ನಾಗಿ ಬಿದ್ದ ರಾತ್ರಿ ಥಂಡಿಯ ಅಪಾಯ ಕಡಿಮೆ. ತೇವ ನೀರಾಗುವಾಗ ಅದರಲ್ಲಿನ ಶಾಖ ಹೊರಬರುತ್ತದೆ, ಎಲೆ ಇನ್ನೂ ತಣ್ಣಗಾಗುವುದನ್ನು ಅದು ತಡೆಯುತ್ತದೆ. ಒಣ ಗಾಳಿ, ನಿಚ್ಚಳ ಆಕಾಶ, ಎಲೆ ಅಲುಗದ ರಾತ್ರಿಯೇ ನಿಜವಾದ ವೈರಿ. ಇಬ್ಬನಿಯ ತೊಂದರೆ ಬೇರೆ ಥರದ್ದು, ಅದು ರೋಗ ತರುತ್ತದೆ. ಎರಡಕ್ಕೂ ಮದ್ದು ಒಂದೇ ಅಲ್ಲ.

ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಬಂದು, ಆ ಕಾಲದ ಸರಾಸರಿಗಿಂತ 4.5 ಡಿಗ್ರಿಯಷ್ಟು ಕಡಿಮೆಯಾದರೆ ಅದನ್ನು ಶೀತ ಅಲೆ ಎಂದು ಕರೆಯುತ್ತದೆ. ನಮ್ಮ ಕಡೆ ಬರುವುದು ಹೆಚ್ಚಾಗಿ ಇದೇ. ನೀರು ಹೆಪ್ಪುಗಟ್ಟುವ ಥಂಡಿ ಇಲ್ಲಿ ಅಪರೂಪ.

ಥಂಡಿ ಹುಟ್ಟುವುದು ಹೇಗೆ?

ಕಾಶ್ಮೀರ, ಹಿಮಾಚಲದಲ್ಲಿ ಹಿಮ ಬಿದ್ದ ಮೇಲೆ ಅಲ್ಲಿಂದ ಒಣ ತಣ್ಣನೆಯ ಗಾಳಿ ರಾಜಸ್ಥಾನ, ಮಧ್ಯಪ್ರದೇಶ ದಾಟಿ ಮಹಾರಾಷ್ಟ್ರಕ್ಕೆ ಇಳಿಯುತ್ತದೆ. ಮೊದಲು ಧುಳೆ, ನಾಶಿಕ, ಆಮೇಲೆ ಪುಣೆ, ನಂತರ ಸೋಲಾಪುರ, ಸಾಂಗಲಿ, ವಿಜಯಪುರ. ಅಂದರೆ ಉತ್ತರದಲ್ಲಿ ಹಿಮ ಬಿದ್ದ ಸುದ್ದಿ ಬಂದರೆ ನಮಗೆ ಎರಡು ಮೂರು ದಿನದ ವೇಳೆ ಸಿಗುತ್ತದೆ. 2012ರ ಫೆಬ್ರುವರಿಯಲ್ಲೂ 2019ರ ಫೆಬ್ರುವರಿಯಲ್ಲೂ ಉತ್ತರ ಮಹಾರಾಷ್ಟ್ರದಲ್ಲಿ ಕಡುಥಂಡಿ ಬಿತ್ತು. ಆದ್ದರಿಂದ ಜನವರಿ ಮುಗಿದರೆ ಥಂಡಿ ಮುಗಿಯಿತು ಎನ್ನಲಾಗದು.

ಇನ್ನೊಂದು ಥಂಡಿ ನಮ್ಮ ಹೊಲದಲ್ಲೇ ಹುಟ್ಟುತ್ತದೆ. ಹಗಲು ಬಿಸಿಲಿನಿಂದ ಕಾದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಶಾಖವನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ಮೋಡವಿಲ್ಲದಿದ್ದರೆ ಶಾಖ ಹೋಗಿಯೇ ಹೋಗುತ್ತದೆ. ನೆಲ, ಎಲೆ, ಹೂ ತಣ್ಣಗಾಗುತ್ತವೆ, ಅವನ್ನು ಮುಟ್ಟಿದ ಗಾಳಿಯೂ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ. ಅದು ನೀರಿನಂತೆ ಇಳಿಜಾರು ಹಿಡಿದು ತಗ್ಗಿಗೆ ಹರಿಯುತ್ತದೆ, ಹಳ್ಳದ ದಂಡೆಯಲ್ಲಿ, ಒಡ್ಡಿನ ಮೇಲ್ಬದಿಯಲ್ಲಿ ನಿಲ್ಲುತ್ತದೆ. ಅತಿ ಹೆಚ್ಚು ಥಂಡಿ ಇರುವುದು ನಡುರಾತ್ರಿಯಲ್ಲಲ್ಲ, ಸೂರ್ಯ ಮೂಡುವ ಹೊತ್ತಿಗೆ.

ಇದಕ್ಕೆ ಒಳ್ಳೆಯ ಉದಾಹರಣೆ ಪಕ್ಕದ ಸಾತಾರಾ ಜಿಲ್ಲೆಯ ಮಹಾಬಳೇಶ್ವರ. ಊರಿನ ವೇಧಶಾಲೆಯಲ್ಲಿ ಉಷ್ಣತೆ ಸೊನ್ನೆಗಿಂತ ಎಷ್ಟೋ ಮೇಲಿರುವ ದಿನವೂ ತಗ್ಗಿನಲ್ಲಿರುವ ವೆಣ್ಣಾ ಕೆರೆಯ ಸುತ್ತ ಹುಲ್ಲಿನ ಮೇಲೆ, ದೋಣಿಕಟ್ಟೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ಊರು ಅದೇ, ರಾತ್ರಿಯೂ ಅದೇ. ಬೇರೆಯಾದದ್ದು ಜಾಗ ಮಾತ್ರ. ಎರಡನೆಯ ಕಾರಣವೂ ಉಂಟು. ವೇಧಶಾಲೆಯ ಉಷ್ಣಮಾಪಕ ನೆಲದಿಂದ ಸುಮಾರು 4 ಅಡಿ ಮೇಲೆ ಪೆಟ್ಟಿಗೆಯೊಳಗೆ ಇರುತ್ತದೆ. ಬಯಲಿನಲ್ಲಿರುವ ಎಲೆಯ ಉಷ್ಣತೆ ಅದಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ ಇರಬಹುದು. ಪೇಪರಿನಲ್ಲಿ 9 ಡಿಗ್ರಿ ಎಂದು ಓದಿದರೆ ನಿಮ್ಮ ತಗ್ಗಿನ ಹೊಲದ ಹೂವಿಗೆ 6 ಡಿಗ್ರಿ ತಟ್ಟಿರಬಹುದು.

ಹಿಮದ ದೇಶದ ಪಾಠ

ಕಾಶ್ಮೀರದಲ್ಲಿ ಬಾದಾಮಿ ಮಾರ್ಚ್‌ನಲ್ಲೇ ಹೂ ಬಿಡುತ್ತದೆ, ಸೇಬು ಏಪ್ರಿಲ್‌ನಲ್ಲಿ. ಮೊದಲು ಅರಳಿದ್ದಕ್ಕೇ ಅಪಾಯ ಹೆಚ್ಚು. ಪೂರ್ತಿ ಅರಳಿದ ಸೇಬಿನ ಹೂ ಸುಮಾರು ಸೊನ್ನೆಗಿಂತ 2 ಡಿಗ್ರಿ ಕೆಳಗೆ ಅರ್ಧ ತಾಸು ನಿಂತರೆ ಹತ್ತರಲ್ಲಿ ಒಂದು ಹೂ ಸಾಯುತ್ತದೆ. ಸೊನ್ನೆಗಿಂತ 4 ಡಿಗ್ರಿ ಕೆಳಗೆ ಹೋದರೆ ಹತ್ತರಲ್ಲಿ ಒಂಬತ್ತು ಹೋಗುತ್ತವೆ. ಲಾಭ ನಷ್ಟದ ನಡುವೆ ಇರುವುದು ಎರಡೇ ಡಿಗ್ರಿ! ಮೊಗ್ಗು ಮುಚ್ಚಿದ್ದಾಗ ಅದೇ ಗಿಡ ಅದಕ್ಕಿಂತ ಎಷ್ಟೋ ಹೆಚ್ಚು ಥಂಡಿ ತಡೆಯುತ್ತದೆ.

2021ರಲ್ಲಿ ಫ್ರಾನ್ಸ್ ದೇಶದಲ್ಲಿ ಇದೇ ಆಯಿತು. ಮಾರ್ಚ್ ಕೊನೆಗೆ ಬಿಸಿಲು ಹೆಚ್ಚಾಗಿ ದ್ರಾಕ್ಷಿ ಬೇಗ ಚಿಗುರಿತು. ಏಪ್ರಿಲ್ ಮೊದಲ ವಾರ ಹಿಮ ಬಿತ್ತು. ರೈತರು ರಾತ್ರಿಯಿಡೀ ಸಾಲುಗಳಲ್ಲಿ ದೊಡ್ಡ ಮೇಣದ ಬತ್ತಿ ಹಚ್ಚಿ ಕಾದರು. ಆದರೂ ದೇಶದ ಬಹುಭಾಗದಲ್ಲಿ ಚಿಗುರು ಸುಟ್ಟುಹೋಯಿತು. ಅವರನ್ನು ಕೆಡಿಸಿದ್ದು ಹಿಮ ಒಂದೇ ಅಲ್ಲ, ಅದಕ್ಕೆ ಮುಂಚೆ ಬಂದ ಸುಳ್ಳು ಬೇಸಿಗೆ.

ದಾಳಿಂಬೆಯನ್ನೇ ನೋಡಿ. ಅಫ್ಘಾನಿಸ್ತಾನದ ಕಂದಹಾರ ದಾಳಿಂಬೆಗೆ ಹೆಸರಾದ ಊರು. ಅಲ್ಲಿ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಆದರೂ ಗಿಡ ಸಾಯುವುದಿಲ್ಲ. ಎಲೆ ಉದುರಿಸಿ ಮಲಗಿರುತ್ತದೆ, ಥಂಡಿ ಪೂರ್ತಿ ಹೋದ ಮೇಲೆ ಏಳುತ್ತದೆ. ಮಲಗಿದ ಗಿಡಕ್ಕೆ ಥಂಡಿ ತಾಗದು, ಎದ್ದ ಗಿಡಕ್ಕೆ ತಾಗುತ್ತದೆ. ಜನವರಿಯಲ್ಲಿ ಅದೇ ಜಾತಿಯ ಗಿಡವನ್ನು ಎಬ್ಬಿಸುವವರು ನಾವು.

ನಮ್ಮ ಹಣ್ಣುಗಳಿಗೆ ಏನಾಗುತ್ತದೆ?

ನಮ್ಮಲ್ಲಿ ಹೂ ಹೆಪ್ಪುಗಟ್ಟಿ ಸಾಯುವುದಕ್ಕಿಂತ ಹೆಚ್ಚಾಗಿ ಗಿಡದ ಕೆಲಸ ನಿಂತುಹೋಗುತ್ತದೆ. ಉಷ್ಣತೆ 10 ಡಿಗ್ರಿಗಿಂತ ಕೆಳಗೆ ಹೋದಾಗ ಬೇರು ನೀರು, ಗೊಬ್ಬರ ಎಳೆಯುವುದು ಬಹಳ ಕಡಿಮೆಯಾಗುತ್ತದೆ. ಜೇನುಹುಳು ಕೂಡ ಅಂಥ ಬೆಳಗಿನಲ್ಲಿ ಗೂಡು ಬಿಟ್ಟು ಹೊರಡುವುದಿಲ್ಲ, ಬಿಸಿಲು ಏರುವ ತನಕ ಕಾಯುತ್ತದೆ.

ದಾಳಿಂಬೆ: ಆಂಬೆ ಬಹಾರದಲ್ಲಿ ಜನವರಿ-ಫೆಬ್ರುವರಿಗೆ ಹೂ ಬರುತ್ತದೆ. ಥಂಡಿ ಹೆಚ್ಚಾದರೆ ಚಿಗುರು ಒಂದೇ ಸಮ ಬರುವುದಿಲ್ಲ, ಹೂ ತಡವಾಗುತ್ತದೆ, ಎಳೆ ಮೊಗ್ಗು ಉದುರುತ್ತದೆ. ಹೂ ಹಿಂದೆ ಮುಂದೆ ಆದರೆ ಕಾಯಿಯೂ ಹಿಂದೆ ಮುಂದೆ. ಔಷಧಿ ಸಿಂಪಡಣೆ, ಕೊಯ್ಲು, ಮಾರಾಟ ಎಲ್ಲ ಎರಡೆರಡು ಸಲ ಆಗುತ್ತದೆ.

ದ್ರಾಕ್ಷಿ: ಥಾಮ್ಸನ್, ತಾಸ್-ಎ-ಗಣೇಶ, ಸೋನಾಕಾ, ಮಾಣಿಕ ಚಮನ್ ಇವೆಲ್ಲ ಬಿಳಿ ದ್ರಾಕ್ಷಿ. ಕಾಳಿನಲ್ಲಿ ನೀರು ತುಂಬುವ ಹೊತ್ತಿಗೆ ಹಗಲು ಬಿಸಿಲು, ರಾತ್ರಿ ಕಡುಥಂಡಿ ಎಂದು ಅಂತರ ಹೆಚ್ಚಾದರೆ ಕಾಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ತಿನ್ನಲು ತೊಂದರೆ ಇಲ್ಲ, ಆದರೆ ರಫ್ತಿನ ವ್ಯಾಪಾರಿ ತೆಗೆದುಕೊಳ್ಳುವುದಿಲ್ಲ. ಅದಕ್ಕೂ ಮುಂಚೆ ಥಂಡಿ ಬಿದ್ದರೆ ಕಾಳಿನ ಗಾತ್ರ ನಿಲ್ಲುತ್ತದೆ. ಥಂಡಿಯ ಜತೆ ಮೋಡವೂ ಸೇರಿದರೆ ಭೂರಿ (ಬೂದಿ ರೋಗ) ಏರುತ್ತದೆ.

ಮಾವು: ಹೂಗೊಂಚಲು ಬೆಳೆಯುವಾಗ ಥಂಡಿ ಹೆಚ್ಚಾದರೆ ಗಂಡು ಹೂ ಜಾಸ್ತಿಯಾಗಿ, ಕಾಯಿ ಕಟ್ಟುವ ಹೂ ಕಡಿಮೆಯಾಗುತ್ತದೆ. ಮರ ತುಂಬ ಹೂ ಕಂಡರೂ ಕಾಯಿ ನಿಲ್ಲದಿರಲು ಇದೂ ಒಂದು ಕಾರಣ.

ಮೊದಲ ರಕ್ಷಣೆ: ತಾರೀಖು

ದ್ರಾಕ್ಷಿಯ ಲೆಕ್ಕ ಹೀಗಿದೆ. ಹಣ್ಣಿನ ಛಾಟಣಿ ಮಾಡಿದ 40-45 ದಿನಕ್ಕೆ ಹೂ, ಸುಮಾರು 90 ದಿನಕ್ಕೆ ಕಾಳಿನಲ್ಲಿ ನೀರು. ಅಕ್ಟೋಬರ್ 10ಕ್ಕೆ ಛಾಟಣಿ ಮಾಡಿದರೆ ನವೆಂಬರ್ 20ರ ಸುಮಾರಿಗೆ ಹೂ, ಜನವರಿ ಎರಡನೇ ವಾರಕ್ಕೆ ನೀರು. ನವೆಂಬರ್ 10ಕ್ಕೆ ಮಾಡಿದರೆ ಡಿಸೆಂಬರ್ ಕೊನೆಗೆ ಹೂ, ಅಂದರೆ ಹೂವೇ ಥಂಡಿಗೆ ಸಿಗುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಮಾಡಿದರೆ ಥಂಡಿ ತಪ್ಪುತ್ತದೆ, ಆದರೆ ಅಕ್ಟೋಬರ್‌ನ ಹಿಂಗಾರು ಮಳೆ ಹೂವಿನ ಮೇಲೆ ಬಿದ್ದು ದಾವಣ್ಯಾ ರೋಗ ಬರುತ್ತದೆ. ಪೂರ್ತಿ ಸುರಕ್ಷಿತವಾದ ತಾರೀಖು ಎಂಬುದಿಲ್ಲ. ಎರಡು ಎಕರೆಗಿಂತ ಹೆಚ್ಚು ತೋಟವಿದ್ದರೆ ಎಲ್ಲವನ್ನೂ ಒಂದೇ ದಿನ ಕತ್ತರಿಸಬೇಡಿ. ಹದಿನೈದು ದಿನದ ಅಂತರವಿಟ್ಟು ಎರಡು ಭಾಗ ಮಾಡಿದರೆ ಒಂದು ಥಂಡಿಗೆ ಎಲ್ಲ ತೋಟ ಸಿಗುವುದಿಲ್ಲ.

ದಾಳಿಂಬೆಯಲ್ಲಿ ತಾರೀಖು ಇನ್ನೂ ಹೆಚ್ಚಾಗಿ ನಮ್ಮ ಕೈಯಲ್ಲಿದೆ. ನೀರು ನಿಲ್ಲಿಸಿ, ಗಿಡಕ್ಕೆ ತಾಣ (ಒತ್ತಡ) ಕೊಟ್ಟು, ಎಲೆ ಉದುರಿಸಿ, ಹಗುರ ಛಾಟಣಿ ಮಾಡಿ ಮೊದಲ ನೀರು ಬಿಟ್ಟ ದಿನವೇ ಬಹಾರ ಶುರು. ಡಿಸೆಂಬರ್‌ನಲ್ಲೇ ನೀರು ಬಿಟ್ಟರೆ ಎಳೆ ಚಿಗುರು ಜನವರಿಯ ಥಂಡಿಗೆ ಸಿಗುತ್ತದೆ. ಜನವರಿ ನಡುವಿನಿಂದ ಕೊನೆಯವರೆಗೆ ತಡೆದರೆ ಹೂ ಬರುವ ಹೊತ್ತಿಗೆ ಥಂಡಿ ಇಳಿದಿರುತ್ತದೆ.

ಹಾಗಿದ್ದರೆ ಎಲ್ಲರೂ ಇನ್ನೂ ತಡ ಮಾಡಬಾರದೇಕೆ? ಇಲ್ಲೇ ಜತ್ತ ರೈತನ ಕಷ್ಟ ಇರುವುದು. ಭಗವಾ ತಳಿಗೆ ಹೂವಿನಿಂದ ಹಣ್ಣಿಗೆ ಸುಮಾರು ಆರು ತಿಂಗಳು ಬೇಕು. ತಡ ಮಾಡಿದಷ್ಟೂ ಕಾಯಿ ದಪ್ಪವಾಗುವ ಕಾಲ ಮೇ ತಿಂಗಳ ಬತ್ತಿದ ಬೋರಿನ ಮೇಲೆ ಬೀಳುತ್ತದೆ, ಕೊಯ್ಲು ಮಳೆಗಾಲದ ನಡುವೆ ಬಂದು ತೇಲ್ಯಾ ರೋಗದ ಭಯ ಹೆಚ್ಚಾಗುತ್ತದೆ. ಬೇಗ ಹಿಡಿದರೆ ಥಂಡಿ, ತಡ ಮಾಡಿದರೆ ನೀರು ಮತ್ತು ರೋಗ. ಆದ್ದರಿಂದ ತಾರೀಖು ಇಡುವ ಮುನ್ನ ಪಕ್ಕದ ಹೊಲದವನನ್ನು ನೋಡಬೇಡಿ, ನಿಮ್ಮ ಬೋರನ್ನು ನೋಡಿ. ಮೇ ತನಕ ನೀರು ಇರುವವರು ಹದಿನೈದು ದಿನ ತಡ ಮಾಡಬಹುದು. ಏಪ್ರಿಲ್‌ಗೇ ನೀರು ಬತ್ತುವವರು ಆಂಬೆ ಬಹಾರ ಬಿಟ್ಟು ಮೃಗ ಬಹಾರ ಅಥವಾ ಹಸ್ತ ಬಹಾರ ಹಿಡಿಯುವ ವಿಚಾರ ಮಾಡುವುದು ಲೇಸು.

ಗೊಬ್ಬರದ ಮಾತೂ ಇಲ್ಲೇ ಬರುತ್ತದೆ. ಥಂಡಿ ಕಾಲದಲ್ಲಿ ಯೂರಿಯಾ ಹೆಚ್ಚು ಹಾಕಿದರೆ ಮೆತ್ತನೆ ಚಿಗುರು ಬರುತ್ತದೆ. ಮೊದಲು ಸುಡುವುದು ಅದೇ.

ಎರಡನೆಯದು: ಜಾಗ ಮತ್ತು ಉಷ್ಣಮಾಪಕ

ಹೊಸ ತೋಟ ಹಚ್ಚುವವರು ಹಳ್ಳದ ತಗ್ಗು, ಮೂರು ಕಡೆ ಏರಿ ಇರುವ ಕುಣಿಯಂಥ ಹೊಲವನ್ನು ಬೇಗ ಹೂ ಬಿಡುವ ಹಣ್ಣಿಗೆ ಕೊಡಬೇಡಿ. ಅಲ್ಲಿ ಮಣ್ಣು ಕಪ್ಪಾಗಿ ಚೆನ್ನಾಗಿರುತ್ತದೆ ಎಂಬ ಆಸೆ ಇದ್ದೇ ಇರುತ್ತದೆ, ಆದರೆ ಥಂಡಿ ಗಾಳಿ ನಿಲ್ಲುವುದೂ ಅಲ್ಲೇ. ಈಗಾಗಲೇ ಹಚ್ಚಿದ್ದರೆ ತಗ್ಗಿನ ಬದಿಯ ದಟ್ಟ ಬೇಲಿಯಲ್ಲಿ ಅಲ್ಲಲ್ಲಿ ಗಂಡಿ ಬಿಡಿಸಿ, ನಿಂತ ಗಾಳಿ ಹರಿದುಹೋಗುತ್ತದೆ. ಉತ್ತರ ಮತ್ತು ಪೂರ್ವದ ಬದಿಗೆ ಮಾತ್ರ ಗಾಳಿತಡೆ ಮರ ಇರಲಿ.

ಕನಿಷ್ಠ-ಗರಿಷ್ಠ ಉಷ್ಣಮಾಪಕ ಒಂದು ಕೊಂಡುಕೊಳ್ಳಿ. ಒಂದು ಸಲದ ಔಷಧಿ ಸಿಂಪಡಣೆಯ ಖರ್ಚಿನ ಮುಂದೆ ಇದು ಏನೂ ಅಲ್ಲ. ಅದನ್ನು ಮನೆಯ ಪಡಸಾಲೆಯಲ್ಲಿ ತೂಗಬೇಡಿ. ಹೊಲದ ಅತಿ ತಗ್ಗಿನ ಮೂಲೆಯಲ್ಲಿ, ಹೂವಿನ ಎತ್ತರಕ್ಕೆ, ಮೇಲೆ ಆಕಾಶ ಕಾಣುವಂತೆ ಕಟ್ಟಿ. ದಿನಾ ಬೆಳಿಗ್ಗೆ ಹಿಂದಿನ ರಾತ್ರಿಯ ಕನಿಷ್ಠ ಅಂಕಿಯನ್ನು ಹಳೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಎರಡು ಚಳಿಗಾಲ ಬರೆದರೆ ಪೇಪರಿನ ಅಂಕಿಗಿಂತ ನಿಮ್ಮ ಹೊಲ ಎಷ್ಟು ಡಿಗ್ರಿ ತಣ್ಣಗಿರುತ್ತದೆ ಎಂಬುದು ನಿಮಗೇ ಗೊತ್ತಾಗುತ್ತದೆ. ಆಮೇಲೆ ಮುನ್ಸೂಚನೆ ಕೇಳಿದ ಕೂಡಲೆ ನಿಮ್ಮ ಹೊಲದ ಲೆಕ್ಕ ನೀವೇ ಹೇಳಬಹುದು.

ಮೂರನೆಯದು: ನೀರು

ಹಿಮ ಬೀಳುವ ದೇಶದಲ್ಲಿ ರಾತ್ರಿಯಿಡೀ ಸ್ಪ್ರಿಂಕ್ಲರ್‌ನಿಂದ ಹೂವಿನ ಮೇಲೆ ನೀರು ಹಾರಿಸುತ್ತಾರೆ. ನೀರು ಹೆಪ್ಪುಗಟ್ಟುವಾಗ ಒಂದು ಗ್ರಾಮಿಗೆ 80 ಕ್ಯಾಲರಿ ಶಾಖ ಬಿಡುತ್ತದೆ, ಅದೇ ಹೂವನ್ನು ಕಾಯುತ್ತದೆ. ಆದರೆ ತಾಸಿಗೆ 3 ಮಿಲಿಮೀಟರ್ ನೀರು ಹಾರಿಸಿದರೂ ಒಂದು ಎಕರೆಗೆ ತಾಸಿಗೆ ಸುಮಾರು 12 ಸಾವಿರ ಲೀಟರ್ ಬೇಕು. ಎಂಟು ತಾಸಿಗೆ ಹತ್ತಿರ ಹತ್ತಿರ 1 ಲಕ್ಷ ಲೀಟರ್, ಅಂದರೆ 10 ಸಾವಿರ ಲೀಟರಿನ ಹತ್ತು ಟ್ಯಾಂಕರ್. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರುಗಳಲ್ಲಿ ಇದು ಆಗದ ಮಾತು, ಬೇಕಾಗಿಯೂ ಇಲ್ಲ. ಸೊನ್ನೆಯ ಮೇಲಿರುವ ಥಂಡಿಯಲ್ಲಿ ಎಲೆ ತೋಯಿಸಿದರೆ ಕೆಡುಕೇ ಹೆಚ್ಚು. ಒಣ ಗಾಳಿಗೆ ಆ ನೀರು ಆರುವಾಗ ಎಲೆ ಇನ್ನೂ ತಣ್ಣಗಾಗುತ್ತದೆ, ಮೇಲೆ ರೋಗವೂ ಬರುತ್ತದೆ. ನೀರು ನೆಲಕ್ಕೆ ಕೊಡಿ, ಎಲೆಗೆ ಬೇಡ.

ನೆಲಕ್ಕೆ ಕೊಟ್ಟ ನೀರು ಎರಡು ಕೆಲಸ ಮಾಡುತ್ತದೆ. ಮೊದಲನೆಯದು, ಹಸಿ ಮಣ್ಣು ಹಗಲು ಬಿಸಿಲಿನ ಶಾಖವನ್ನು ಒಳಗೆ ಇಳಿಸಿಕೊಂಡು ರಾತ್ರಿ ನಿಧಾನ ಬಿಡುತ್ತದೆ. ಒಣ ಸಡಿಲ ಮಣ್ಣಿಗೆ ಆ ಶಕ್ತಿ ಇಲ್ಲ. ಮೇಲಿನ ಒಂದು ಅಡಿ ಮಣ್ಣು ಹಸಿಯಾಗಿದ್ದರೆ ಸಾಕು. ಎರಡನೆಯದು, ಬೋರಿನ ನೀರು ಚಳಿಗಾಲದಲ್ಲಿ ಬೆಚ್ಚಗೇ ಇರುತ್ತದೆ. 25 ಡಿಗ್ರಿಯ 10 ಸಾವಿರ ಲೀಟರ್ ನೀರು 10 ಡಿಗ್ರಿಗೆ ಇಳಿಯುವಾಗ ಬಿಡುವ ಶಾಖ ಸುಮಾರು 40 ಕಿಲೋ ಒಣ ಕಟ್ಟಿಗೆ ಸುಟ್ಟಷ್ಟು. ಕಟ್ಟಿಗೆಯ ಶಾಖ ಬಹಳಷ್ಟು ಮೇಲಕ್ಕೆ ಹೋಗಿಬಿಡುತ್ತದೆ, ನೀರಿನದು ಬೇರಿನ ಹತ್ತಿರವೇ ಉಳಿಯುತ್ತದೆ.

ಯಾವಾಗ ಬಿಡಬೇಕು? ನಸುಕಿನಲ್ಲಿ ಬಿಡುವುದು ಒಳ್ಳೆಯದು, ಆದರೆ ರಾತ್ರಿ ಪಾಳಿಯ ಲೈಟು ನಮ್ಮ ಕೈಯಲ್ಲಿಲ್ಲ. ಸೌರ ಪಂಪ್ ಇದ್ದವರಿಗಂತೂ ರಾತ್ರಿ ಮೋಟಾರ್ ನಡೆಯದು. ಅಂಥವರು ಥಂಡಿಯ ಮುನ್ನಾ ದಿನ ಮಧ್ಯಾಹ್ನದೊಳಗೆ ನೀರು ಕೊಟ್ಟು ಮುಗಿಸಿ. ಹಸಿ ಮಣ್ಣು ಅರ್ಧ ದಿನದ ಬಿಸಿಲು ಕುಡಿದಿರುತ್ತದೆ. ಕಾಳಿನಲ್ಲಿ ನೀರು ತುಂಬುವ ದ್ರಾಕ್ಷಿಗೆ ಮಾತ್ರ ಎಚ್ಚರ. ಒಣಗಿಸಿ ಒಮ್ಮೆಲೇ ಹೆಚ್ಚು ನೀರು ಬಿಟ್ಟರೆ ಕಾಳು ಸೀಳುತ್ತದೆ. ಸ್ವಲ್ಪ ಸ್ವಲ್ಪವಾಗಿ ದಿನಾ ಕೊಡಿ. ಇನ್ನೂ ತಾಣದಲ್ಲಿರುವ ದಾಳಿಂಬೆಗೆ ಥಂಡಿಯ ಹೆದರಿಕೆಯಿಂದ ನೀರು ಬಿಡಲೇಬೇಡಿ. ಅದು ಮಲಗಿದೆ, ಮಲಗಿರಲಿ.

ನಾಲ್ಕನೆಯದು: ಶೇಕೋಟಿ, ಹೊಗೆಯ ನಿಜ

ಹೊಗೆ ಮೋಡದಂತೆ ಕಂಬಳಿಯಾಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಹೊಗೆಯ ಕಣಗಳು ಬಹಳ ಸಣ್ಣವು, ನೆಲದಿಂದ ಹೋಗುವ ಶಾಖವನ್ನು ಅವು ತಡೆಯಲಾರವು. ಬೆಳಿಗ್ಗೆ ಅದೇ ಹೊಗೆ ಬಿಸಿಲನ್ನು ತಡೆದು ತೋಟ ಬೆಚ್ಚಗಾಗುವುದನ್ನು ತಡ ಮಾಡುತ್ತದೆ. ಹಸಿ ಕಸ, ಟೈರು ಸುಟ್ಟು ಹೊಗೆ ಎಬ್ಬಿಸುವುದರಿಂದ ಕೆಮ್ಮು ಬರುತ್ತದೆ, ಕಾಳಿಗೆ ಮಸಿ ಹಿಡಿಯುತ್ತದೆ, ಮತ್ತೇನೂ ಇಲ್ಲ.

ಉಪಯೋಗ ಇರುವುದು ಬೆಂಕಿಯ ಶಾಖಕ್ಕೆ. ನಿಚ್ಚಳ ರಾತ್ರಿಯಲ್ಲಿ ನೆಲದ ಹತ್ತಿರ ತಣ್ಣನೆಯ ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ಇರುತ್ತದೆ. ಸಣ್ಣ ಬೆಂಕಿಯ ಶಾಖ ಆ ಬೆಚ್ಚನೆಯ ಪದರದವರೆಗೆ ಏರಿ ಅಲ್ಲೇ ತಿರುಗಾಡುತ್ತದೆ. ದೊಡ್ಡ ಬೆಂಕಿ ಹಾಕಿದರೆ ಶಾಖ ಆ ಪದರವನ್ನು ಸೀಳಿ ಮೇಲೆ ಹೋಗುತ್ತದೆ, ಸುತ್ತಲಿನ ತಣ್ಣನೆಯ ಗಾಳಿಯನ್ನು ತೋಟಕ್ಕೆ ಎಳೆಯುತ್ತದೆ. ಆದ್ದರಿಂದ ಒಂದು ದೊಡ್ಡ ರಾಶಿಗಿಂತ ಹತ್ತಾರು ಸಣ್ಣ ಶೇಕೋಟಿ ಮೇಲು. ಒಣ ಕಟ್ಟಿಗೆ, ಛಾಟಣಿಯ ಕಡ್ಡಿ ಬಳಸಿ. ತಗ್ಗಿನ ಬದಿಯಲ್ಲಿ ಹೆಚ್ಚು ಇಡಿ, ನಸುಕಿನ 3-4 ಗಂಟೆಯಿಂದ ಸೂರ್ಯ ಮೂಡುವ ತನಕ ಉರಿಯಲಿ. ಡ್ರಿಪ್ ಪೈಪು, ಮಂಡಪದ ತಂತಿ, ಒಣ ಹುಲ್ಲಿನಿಂದ ದೂರ ಇರಲಿ. ಒಬ್ಬರೇ ಹೋಗಬೇಡಿ. ಗಾಳಿ ಬೀಸುತ್ತಿದ್ದರೆ ಹಚ್ಚಲೇಬೇಡಿ, ಶಾಖ ನಿಲ್ಲುವುದಿಲ್ಲ, ಬೆಂಕಿ ಹಬ್ಬುವ ಭಯ ಬೇರೆ.

ಐದನೆಯದು: ಹೊದಿಕೆ

ಇಲ್ಲಿ ಎರಡು ಸಲಹೆ ಕೇಳಿಬರುತ್ತವೆ, ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ಹಿಮದ ದೇಶದವರು ಗಿಡದ ಬುಡದ ಹುಲ್ಲು, ಕಸ ತೆಗೆಯಿರಿ ಎನ್ನುತ್ತಾರೆ. ನಮ್ಮಲ್ಲಿ ಬುಡಕ್ಕೆ ಕಬ್ಬಿನ ರವದಿ ಹೊದಿಸಿರಿ ಎನ್ನುತ್ತಾರೆ. ಎರಡೂ ನಿಜ. ಹೊದಿಕೆ ಶಾಖವನ್ನು ಮಣ್ಣಿನೊಳಗೇ ಹಿಡಿದಿಡುತ್ತದೆ. ಬೇರು ಬೆಚ್ಚಗಿರುತ್ತದೆ, ಆದರೆ ಮೇಲಿನ ಹೂವಿಗೆ ಆ ಶಾಖ ಸಿಗುವುದಿಲ್ಲ. ಹೂ ಹೆಪ್ಪುಗಟ್ಟುವ ಊರಿನಲ್ಲಿ ಬರಿ ಹಸಿ ನೆಲ ಒಳ್ಳೆಯದು. ಬೇರು ನಿಲ್ಲುವುದೇ ತೊಂದರೆಯಾದ ನಮ್ಮ ಊರಿನಲ್ಲಿ ಹೊದಿಕೆ ಒಳ್ಳೆಯದು, ಅದು ನೀರನ್ನೂ ಉಳಿಸುತ್ತದೆ. ಆದ್ದರಿಂದ ಹೊದಿಕೆ ತೆಗೆಯಬೇಡಿ. ಹಳ್ಳದ ತಗ್ಗಿನಲ್ಲಿ ಹೂ ಸುಡುವ ಅನುಭವ ಇದ್ದವರು ಮಾತ್ರ ಸಾಲಿನ ನಡುವಿನ ನೆಲವನ್ನು ಹುಲ್ಲಿಲ್ಲದೆ ಹಸಿಯಾಗಿ ಇಟ್ಟುಕೊಳ್ಳಲಿ. ಥಂಡಿ ಮುನ್ಸೂಚನೆ ಇದ್ದಾಗ ಕುಂಟೆ ಹೊಡೆದು ಮಣ್ಣು ಸಡಿಲ ಮಾಡಬೇಡಿ.

ಬಿಳಿ ದ್ರಾಕ್ಷಿ ಗುಲಾಬಿಯಾಗುವುದನ್ನು ತಡೆಯಲು ಕಾಳಿನಲ್ಲಿ ನೀರು ತುಂಬುವ ಮುನ್ನವೇ ಗೊನೆಗೆ ಪೇಪರ್ ಸುತ್ತುವ ಪದ್ಧತಿ ಇದೆ. ಕೂಲಿ ಹೆಚ್ಚು, ಆದರೆ ರಫ್ತಿನ ಮಾಲಿಗೆ ಇದು ಹುಟ್ಟುತ್ತದೆ. ಬಣ್ಣ ಬಂದ ಮೇಲೆ ಸುತ್ತಿದರೆ ಉಪಯೋಗವಿಲ್ಲ. ಹೊಸದಾಗಿ ಹಚ್ಚಿದ ಮಾವು, ದಾಳಿಂಬೆ ಸಸಿಗಳಿಗೆ ಉತ್ತರದ ಬದಿಗೆ ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಪೂರ್ವ-ದಕ್ಷಿಣಕ್ಕೆ ಬಿಸಿಲಿಗೆ ಬಾಯಿ ಬಿಡಿ.

ಥಂಡಿ ಹೋದ ಮರುದಿನ

ಸುಟ್ಟ ಚಿಗುರು ಕಂಡ ಕೂಡಲೆ ಕತ್ತರಿ ಹಿಡಿಯಬೇಡಿ. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ತಿಳಿಯಲು ಎಂಟು-ಹತ್ತು ದಿನ ಬೇಕು. ಕೆಲವು ಮೊಗ್ಗುಗಳನ್ನು ಕೊಯ್ದು ನೋಡಿ. ನಡುವೆ ಹಸಿರಾಗಿದ್ದರೆ ಬದುಕಿದೆ, ಕಂದು ಅಥವಾ ಕಪ್ಪಾಗಿದ್ದರೆ ಹೋಗಿದೆ. ದಾಳಿಂಬೆಯಲ್ಲಿ ಮೊದಲ ಹೂ ಉದುರಿದರೂ ಎರಡನೇ ಸುತ್ತಿನ ಹೂ ಬರುತ್ತದೆ. ಗಾಬರಿಯಿಂದ ಟಾನಿಕ್ಕಿನ ಮೇಲೆ ಟಾನಿಕ್ ಹೊಡೆಯುವುದು ಅಂಗಡಿಗೆ ಮಾತ್ರ ಲಾಭ.

ವಿಮೆಯ ಮಾತು. ಮಹಾರಾಷ್ಟ್ರದಲ್ಲಿ ಆಂಬಿಯಾ ಬಹಾರದ ಹಣ್ಣುಗಳಿಗೆ ಹವಾಮಾನ ಆಧಾರಿತ ಫಳಪೀಕ ವಿಮೆ ಯೋಜನೆ ಇದೆ. ಇದರಲ್ಲಿ ಪರಿಹಾರ ತೀರ್ಮಾನವಾಗುವುದು ನಿಮ್ಮ ಹೊಲದ ಪಂಚನಾಮೆಯಿಂದಲ್ಲ, ನಿಮ್ಮ ಮಹಸೂಲ ಮಂಡಳದ ಸ್ವಯಂಚಾಲಿತ ಹವಾಮಾನ ಕೇಂದ್ರದ ಅಂಕಿಯಿಂದ. ಯಾವ ಹಣ್ಣಿಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಡಿಗ್ರಿ ಎಂಬುದು ಸರಕಾರದ ಆದೇಶದಲ್ಲಿ ಇರುತ್ತದೆ. ಎಲ್ಲ ಹಣ್ಣಿಗೂ ಥಂಡಿಯ ಷರತ್ತು ಇರುವುದಿಲ್ಲ. ಆದೇಶ ಮರಾಠಿಯಲ್ಲಿರುತ್ತದೆ. ಓದಲು ಕಷ್ಟವಾದವರು ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಂಡು, ಕೃಷಿ ಸಹಾಯಕರನ್ನು ಕೇಳಿ, ಕೊನೆಯ ದಿನಕ್ಕೆ ಮುಂಚೆ ತುಂಬಿ. ಬರೀ ಕರ್ಜಿನ ಜತೆ ಕಡಿತವಾಗಿದೆ ಎಂದು ನಂಬಿ ಕೂಡಬೇಡಿ, ಪಾವತಿ ಕೇಳಿ ತೆಗೆದುಕೊಳ್ಳಿ.

ಸಲಹೆಗೆ ಗಡಿ ಭಾಗದವರಾದ ನಮಗೆ ಎರಡೂ ಕಡೆ ಬಾಗಿಲು ತೆರೆದಿದೆ. ದಾಳಿಂಬೆಗೆ ಸೋಲಾಪುರದಲ್ಲಿ 2005ರಲ್ಲಿ ಶುರುವಾದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ, ದ್ರಾಕ್ಷಿಗೆ ಪುಣೆ ಹತ್ತಿರದ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇವೆ. ಕನ್ನಡದಲ್ಲೇ ಕೇಳಿ ತಿಳಿಯಬೇಕೆಂದರೆ ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ. ವಿಜಯಪುರದ ಮಣ್ಣು, ಹವೆ ನಮ್ಮದಕ್ಕಿಂತ ಬೇರೆಯಲ್ಲ. ಅಲ್ಲಿನ ಸಲಹೆ ಇಲ್ಲಿಗೂ ನಡೆಯುತ್ತದೆ.

ಕೊನೆಗೆ ಇಷ್ಟು ನೆನಪಿರಲಿ

* ಉತ್ತರದಲ್ಲಿ ಹಿಮ ಬಿದ್ದ ಸುದ್ದಿ ಕೇಳಿದರೆ ಎರಡು ದಿನದಲ್ಲಿ ಸಿದ್ಧರಾಗಿ.
* ಆಕಾಶ ನಿಚ್ಚಳ, ಗಾಳಿ ನಿಂತಿದೆ, ಸಂಜೆಗೇ ಮೈ ಒಣಗುತ್ತಿದೆ ಎಂದರೆ ಆ ರಾತ್ರಿ ಅಪಾಯದ್ದು.
* ಮುನ್ನಾ ದಿನ ನೆಲಕ್ಕೆ ನೀರು, ಎಲೆಗೆ ಬೇಡ. ಸಂಜೆ ಸಿಂಪಡಣೆ ಬೇಡ.
* ಶೇಕೋಟಿ ಸಣ್ಣವು, ಹೆಚ್ಚು, ನಸುಕಿಗೆ. ಹೊಗೆ ಬೇಡ, ಶಾಖ ಬೇಕು.
* ಮರುದಿನ ಕತ್ತರಿ ಬೇಡ, ತಾಳ್ಮೆ ಬೇಕು.

ಇವೆಲ್ಲ ಮಾಡಿದರೂ ಸಿಗುವುದು ಒಂದೆರಡು ಡಿಗ್ರಿ ಮಾತ್ರ. ಆ ಒಂದೆರಡು ಡಿಗ್ರಿಯೇ ಕೆಲವು ವರ್ಷ ಸಾಲ ತೀರಿಸುತ್ತದೆ. ಆದರೆ ಅದಕ್ಕಿಂತ ದೊಡ್ಡ ಗಳಿಕೆ ಮೂರು ತಿಂಗಳು ಮುಂಚೆ, ಕ್ಯಾಲೆಂಡರ್ ಮುಂದೆ ಕೂತು ಛಾಟಣಿಯ ಮತ್ತು ಮೊದಲ ನೀರಿನ ತಾರೀಖು ಬರೆಯುವಾಗ ಆಗಿಹೋಗಿರುತ್ತದೆ. ಮಾರುಕಟ್ಟೆಗೆ ಎಲ್ಲರಿಗಿಂತ ಮುಂಚೆ ಹೋಗುವ ಅವಸರಕ್ಕೆ ಮಲಗಿದ ಗಿಡವನ್ನು ಹೊತ್ತಲ್ಲದ ಹೊತ್ತಿನಲ್ಲಿ ಎಬ್ಬಿಸಬೇಡಿ. ಎಬ್ಬಿಸಿದ ಮೇಲೆ ಕಾಯುವ ಹೊಣೆ ನಮ್ಮದೇ.